9 ತೆಗೆದು 10 ಹಾಕ್ಲಾ, 11 ಹಾಕ್ಲಾ? ಎಲೆಕ್ಟ್ರಿಕ್ ಗಿಟಾರ್ ಸ್ಟ್ರಿಂಗ್ ಗೇಜ್ (ತಂತಿ ದಪ್ಪ) ಬಗ್ಗೆ ಗೊತ್ತಿರೋರು ಹೇಳಿ

ಹಾಸನ_ಲೀಡ್

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಹತ್ರ ಒಂದು ಆರ್ಕೆಸ್ಟ್ರಾ ಟೀಮಲ್ಲಿ ಲೀಡ್ ಗಿಟಾರ್ ನುಡಿಸ್ತೀನಿ. ಗಣಪತಿ ಸೀಸನ್ನಲ್ಲಿ ಮತ್ತೆ ನವೆಂಬರ್ ರಾಜ್ಯೋತ್ಸವ ಟೈಮಲ್ಲಿ ಹೆಚ್ಚುಕಮ್ಮಿ ದಿನ ಬಿಟ್ಟು ದಿನ ರಸಮಂಜರಿ ಇರುತ್ತೆ, ಒಂದ್ಸಲ ಸ್ಟೇಜ್ ಹತ್ತಿದ್ರೆ ಮೂರೂವರೆ ನಾಲ್ಕು ಗಂಟೆ ಇಳಿಯೋ ಹಾಗಿಲ್ಲ.

ಆರು ವರ್ಷ ಬರೀ ಅಕೌಸ್ಟಿಕ್ ನುಡಿಸಿದ್ದು, ಅದಕ್ಕೆ ಯಾವಾಗ್ಲೂ 12ರ ಸೆಟ್ಟೇ ಹಾಕ್ತಿದ್ದೆ. ಹೋದ ವರ್ಷ ಸ್ಟ್ರ್ಯಾಟ್ (ಫೆಂಡರ್ ಕಂಪನಿಯ ಸ್ಟ್ರ್ಯಾಟೊಕಾಸ್ಟರ್) ಮಾದರಿದು ಒಂದು ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ತಗೊಂಡೆ, ಅದರಲ್ಲಿ 9-42 ಇತ್ತು, ನಾನೂ ಅದನ್ನೇ ಮುಂದುವರಿಸಿದೀನಿ. ನಮ್ಮ ಮೇನ್ ಸಿಂಗರ್‌ಗೆ ಮೇಲಿನ ಸ್ಥಾಯಿ ಕಷ್ಟ ಆಗುತ್ತೆ ಅಂತ ಪೂರ್ತಿ ಗಿಟಾರನ್ನ ಹಾಫ್ ಸ್ಟೆಪ್ (ಅರ್ಧ ಸ್ವರ) ಇಳಿಸಿ ಇ ಫ್ಲ್ಯಾಟ್‌ನಲ್ಲೇ ಇಟ್ಟಿರ್ತೀನಿ.

ಈಗ ತೊಂದರೆ ಏನಂದ್ರೆ ಓಪನ್ ಸ್ಟ್ರಿಂಗ್ ಟ್ಯೂನರ್‌ನಲ್ಲಿ ಕರೆಕ್ಟಾಗಿ ತೋರಿಸುತ್ತೆ, ಕಾರ್ಡ್ ಹಿಡಿದ ತಕ್ಷಣ ಏನೋ ಅಪಶ್ರುತಿ, ಕೀಬೋರ್ಡ್ ನುಡಿಸೋರು ನನ್ನ ಕಡೆ ತಿರುಗಿ ನೋಡ್ತಾರೆ. ಜೋರಾಗಿ ಸ್ಟ್ರಮ್ ಮಾಡಿದ್ರೆ ಲೋ ಇ (ಎಲ್ಲಕ್ಕಿಂತ ದಪ್ಪ ತಂತಿ) ಬಟ್ಟೆ ಒಣಗಾಕೋ ಹಗ್ಗದ ಥರ ಒದರಾಡುತ್ತೆ, ಫ್ರೆಟ್‌ಗೆ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ಬಡಿದು ಕಟಕಟ ಅನ್ನುತ್ತೆ. ಮೂರನೇದು, ಈ ಸೀಸನ್ನಲ್ಲಿ ಎರಡು ಸಲ ಸ್ಟೇಜ್ ಮೇಲೇ ಹೈ ಇ (ಎಲ್ಲಕ್ಕಿಂತ ಸಣ್ಣ ತಂತಿ) ಕಿತ್ತೋಯ್ತು, ಎರಡೂ ಸಲ ಬಾಡಿ ಮೇಲೆ ತಂತಿ ಕೂರೋ ಬ್ರಿಡ್ಜ್ ಹತ್ರಾನೇ, ಕಿತ್ತ ಕೂಡ್ಲೇ ಉಳಿದ ಐದು ತಂತೀನೂ ಶ್ರುತಿ ತಪ್ಪಿ ಹಾಡಿನ ಅರ್ಧದಲ್ಲಿ ನಾನು ಕೈಕಟ್ಟಿ ನಿಲ್ಲೋ ಹಾಗಾಯ್ತು. ಅವತ್ತು ರಾತ್ರಿ ಊಟಾನೂ ಸೇರ್ಲಿಲ್ಲ ನಂಗೆ.

ಒಬ್ಬ ಫ್ರೆಂಡ್ 11 ಹಾಕು, ದಪ್ಪ ತಂತಿಯಲ್ಲೇ ಟೋನ್ ಇರೋದು ಅಂತಾನೆ. ಅಂಗಡಿಯೋರು 9 ಬಿಟ್ಟು ಹೋಗ್ಬೇಡಿ, ಬೆಂಡ್ (ತಂತಿ ಪಕ್ಕಕ್ಕೆ ಎಳೆದು ಸ್ವರ ಏರಿಸೋದು) ಮಾಡಕ್ಕಾಗಲ್ಲ ಅಂತಾರೆ. ಹಳೇ ಹಾಡುಗಳಲ್ಲಿ ವೀಣೆ, ಕೊಳಲಿನ ಬಿಟ್‌ಗಳನ್ನ ನಾನೇ ಗಿಟಾರ್‌ನಲ್ಲಿ ಎಳೆದು ನುಡಿಸ್ಬೇಕು, ಹಂಗಾಗಿ ಬೆಂಡ್ ನಂಗೆ ಬೇಕೇ ಬೇಕು. ಸುಮ್ನೆ ನಂಬರ್ ಹೇಳ್ಬೇಡಿ, ಯಾಕೆ ಅಂತಾನೂ ಹೇಳಿ ಪ್ಲೀಸ್.

ರಿಪೇರಿ_ಬೆಂಚು

ತಂತಿ ಕಿತ್ತೋಗೋದನ್ನ ಮೊದಲು ಬೇರೆ ಇಟ್ಟುಬಿಡಿ, ಅದಕ್ಕೂ ಗೇಜ್‌ಗೂ ಸಂಬಂಧ ಇಲ್ಲ ಅಂತ ನಂಗೆ ಅನ್ಸುತ್ತೆ. ಎರಡು ಸಲಾನೂ ಒಂದೇ ಜಾಗದಲ್ಲಿ ಕಿತ್ತಿದೆ ಅಂದ್ರೆ ಆ ಸ್ಯಾಡಲ್ (ಬ್ರಿಡ್ಜ್‌ನಲ್ಲಿ ಒಂದೊಂದು ತಂತಿ ಕೂರೋ ಸಣ್ಣ ತುಂಡು) ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಚೂಪು ಇರುತ್ತೆ. ಒಂದು ಎಳೆ ಹತ್ತಿ ತಗೊಂಡು, ತಂತಿ ಕೂರೋ ಜಾಗದ ಮೇಲೆ ಮೆಲ್ಲಗೆ ಎಳೀರಿ. ಚೂಪಿದ್ರೆ ಹತ್ತಿ ಅಲ್ಲಿ ಸಿಕ್ಕಾಕೊಳ್ಳುತ್ತೆ. 1000 ನಂಬರ್ ಅಥವಾ ಅದಕ್ಕಿಂತ ನುಣುಪಿನ ಎಮರಿ ಪೇಪರ್‌ನ ಸಣ್ಣಗೆ ಮಡಚಿ ತಂತಿ ಹೋಗೋ ದಿಕ್ಕಿನಲ್ಲೇ ಹತ್ತು ಸಲ ಉಜ್ಜಿ, ಮತ್ತೆ ಹತ್ತಿ ಎಳೆದು ನೋಡಿ. ಇದನ್ನ ಮಾಡದೆ 11 ಹಾಕಿದ್ರೆ 11ಊ ಅಲ್ಲೇ ಕಿತ್ತೋಗುತ್ತೆ.

ಗೇಜ್ ಬಗ್ಗೆ ಬೇರೆಯವರು ಹೇಳ್ಲಿ, ಸೆಟಪ್ ವಿಷಯಕ್ಕೆ ನಾನು ಆಮೇಲೆ ಬರ್ತೀನಿ.

ಬ್ಲೂಸ್_ಬಳ್ಳಾರಿ

11 ಹಾಕಿ ಬ್ರೋ, ಯೋಚನೆನೇ ಮಾಡ್ಬೇಡಿ. ಅಮೆರಿಕದ ಬ್ಲೂಸ್ ಗಿಟಾರಿಸ್ಟ್ ಸ್ಟೀವಿ ರೇ ವಾನ್ 13ರಲ್ಲಿ ನುಡಿಸ್ತಿದ್ರು, ಅದೂ ನಿಮ್ಮ ಥರಾನೇ ಇ ಫ್ಲ್ಯಾಟ್‌ನಲ್ಲಿ. ಆ ಟೋನ್ 9ರಲ್ಲಿ ಜನ್ಮದಲ್ಲಿ ಬರಲ್ಲ. ಬೆರಳು ಒಂದು ತಿಂಗಳು ಉರಿಯುತ್ತೆ, ಆಮೇಲೆ ಒಗ್ಗಿಹೋಗುತ್ತೆ.

ತಂತಿ_ಲೆಕ್ಕ_ಮೈಸೂರು

ಹಾಸನದ ಅಣ್ಣ ಯಾಕೆ ಅಂತ ಕೇಳಿರೋದ್ರಿಂದ ಸ್ವಲ್ಪ ಉದ್ದ ಬರೀತೀನಿ, ಪುರುಸೊತ್ತಾಗಿ ಓದಿ.

9, 10, 11 ಅನ್ನೋದು ಹೈ ಇ ತಂತಿಯ ದಪ್ಪ, ಇಂಚಿನ ಸಾವಿರದಲ್ಲಿ ಎಷ್ಟು ಭಾಗ ಅಂತ. 10 ಅಂದ್ರೆ 0.010 ಇಂಚು, ಕಾಲು ಮಿಲಿಮೀಟರ್. 9-42 ಅಂದ್ರೆ ಹೈ ಇ 9, ಲೋ ಇ 42, ಇಷ್ಟೇ. ಆದ್ರೆ ನಮ್ಮ ಬೆರಳಿಗೆ ಗೊತ್ತಾಗೋದು ದಪ್ಪ ಅಲ್ಲ, ಬಿಗಿ. ಈ ಬಿಗಿಯನ್ನ ತೀರ್ಮಾನ ಮಾಡೋದು ಮೂರು ವಿಷಯ ಸೇರಿ: ತಂತಿಯ ದಪ್ಪ, ನೆಕ್ ಮೇಲ್ತುದಿಯಲ್ಲಿ ತಂತಿ ಕೂರೋ ನಟ್‌ನಿಂದ ಬ್ರಿಡ್ಜ್‌ವರೆಗಿನ ಉದ್ದ, ಆಮೇಲೆ ಯಾವ ಸ್ವರಕ್ಕೆ ಕಟ್ಟಿದೀರಿ ಅನ್ನೋದು. ಗೇಜ್ ನಂಬರ್ ಒಂದನ್ನೇ ಹಿಡ್ಕೊಂಡು ಜಗಳ ಆಡೋರೆಲ್ಲ ಉಳಿದ ಎರಡನ್ನ ಬಿಟ್ಟುಬಿಡ್ತಾರೆ.

ದಪ್ಪದ ವಿಷಯ ನೋಡಿ. 9ರಿಂದ 10ಕ್ಕೆ ಹೋದ್ರೆ ಇಂಚಿನ ಸಾವಿರದಲ್ಲಿ ಒಂದೇ ಒಂದು ಭಾಗ ಜಾಸ್ತಿ, ಕಣ್ಣಿಗೆ ವ್ಯತ್ಯಾಸಾನೇ ಕಾಣಲ್ಲ. ಆದ್ರೆ ತಂತಿಯ ತೂಕ ದಪ್ಪದ ವರ್ಗಕ್ಕೆ ತಕ್ಕ ಹಾಗೆ ಏರುತ್ತೆ, ಅದೇ ಸ್ವರಕ್ಕೆ ಕಟ್ಟಕ್ಕೆ ಬಿಗೀನೂ ಅಷ್ಟೇ ಏರ್ಬೇಕು. ಹಾಗಾಗಿ ಹತ್ರಹತ್ರ ಕಾಲು ಭಾಗ ಜಾಸ್ತಿ ಆಗುತ್ತೆ. ಸ್ಟ್ರ್ಯಾಟ್‌ನ 25.5 ಇಂಚಿನ ಉದ್ದದಲ್ಲಿ ಮಾಮೂಲಿ ಟ್ಯೂನಿಂಗ್‌ಗೆ 9ರ ಹೈ ಇ ಸುಮಾರು 5.9 ಕೆಜಿ ಬಿಗಿಯಲ್ಲಿರುತ್ತೆ, 10 ಸುಮಾರು 7.3 ಕೆಜಿ, 11 ಸುಮಾರು 8.9 ಕೆಜಿ.

ಉದ್ದದ ವಿಷಯ. ಗಿಬ್ಸನ್ ಮಾದರಿ ಗಿಟಾರ್‌ಗಳು 24.75 ಇಂಚು. ಮುಕ್ಕಾಲು ಇಂಚು ಕಮ್ಮಿ ಆಗಿದ್ದಕ್ಕೆ ಬಿಗಿ ನೂರಕ್ಕೆ ಆರರಷ್ಟು ಇಳಿಯುತ್ತೆ. ಗಿಬ್ಸನ್ನಿನ ಲೆಸ್ ಪಾಲ್ ಇಟ್ಕೊಂಡೋರು "10 ತುಂಬಾ ಆರಾಮಾಗಿದೆ" ಅಂದ್ರೆ ಸ್ಟ್ರ್ಯಾಟ್ ಇಟ್ಕೊಂಡ ನಮಗೂ ಅಷ್ಟೇ ಆರಾಮ ಅಂತ ಅರ್ಥ ಅಲ್ಲ.

ಇನ್ನು ಸ್ವರ. ಹಾಫ್ ಸ್ಟೆಪ್ ಇಳಿಸಿದ್ರೆ ಬಿಗಿ ನೂರಕ್ಕೆ ಹನ್ನೊಂದರಷ್ಟು ಹೋಯ್ತು, ಪೂರ್ತಿ ಸ್ಟೆಪ್ ಇಳಿಸಿದ್ರೆ ಐದನೇ ಒಂದು ಭಾಗ ಹೋಯ್ತು.

ಈಗ ನಿಮ್ಮ ಲೆಕ್ಕ ಹಾಕೋಣ. ಅಕೌಸ್ಟಿಕ್‌ನಲ್ಲಿ 12 ಹಾಕ್ತಿದ್ರಿ, ಅದರ ಹೈ ಇ ಬಿಗಿ ಹತ್ತೂವರೆ ಕೆಜಿ. ಇವತ್ತು ನಿಮ್ಮ ಸ್ಟ್ರ್ಯಾಟ್‌ನಲ್ಲಿ 9, ಅದೂ ಇ ಫ್ಲ್ಯಾಟ್‌ನಲ್ಲಿ, 5.3 ಕೆಜಿ. ಅಂದ್ರೆ ಅರ್ಧ! ಆರು ವರ್ಷ ಹತ್ತೂವರೆ ಕೆಜಿ ಒತ್ತಿ ಅಭ್ಯಾಸ ಆಗಿರೋ ಕೈ ಅದರ ಅರ್ಧ ಬಿಗಿ ಇರೋ ತಂತೀನ ಅದೇ ಜೋರಲ್ಲಿ ಒತ್ತುತ್ತೆ, ತಂತಿ ಫ್ರೆಟ್ ದಾಟಿ ಮರದ ಕಡೆಗೆ ಬಗ್ಗುತ್ತೆ, ಸ್ವರ ಏರುತ್ತೆ. ನಿಮ್ಮ ಕಾರ್ಡ್ ಅಪಶ್ರುತಿ ಬರೋದು ಇದಕ್ಕೇ ಅಂತ ನಂಗೆ ಬಲವಾಗಿ ಅನ್ಸುತ್ತೆ. ಟ್ಯೂನರ್ ಹಾಕಿ ಜಿ ತಂತಿಯ ಮೂರನೇ ಫ್ರೆಟ್ ಒತ್ತಿ. ಮೊದಲು ಸ್ವರ ಬರೋಷ್ಟೇ ಮೆಲ್ಲಗೆ, ಆಮೇಲೆ ನೀವು ಸ್ಟೇಜಲ್ಲಿ ಒತ್ತೋ ಹಾಗೆ. ಮುಳ್ಳು ಎಷ್ಟು ಬಲಕ್ಕೆ ಹೋಗುತ್ತೆ ನೋಡಿ, ಉತ್ತರ ಅಲ್ಲೇ ಸಿಗುತ್ತೆ.

ಲೋ ಇ ಒದರಾಡೋದಕ್ಕೂ ಇದೇ ಕಾರಣ. 42ರ ತಂತಿಯನ್ನ ಇ ಫ್ಲ್ಯಾಟ್‌ಗೆ ಇಳಿಸಿದ್ರೆ ಬಿಗಿ ಸಾಲಲ್ಲ, ಜೋರಾಗಿ ಹೊಡೆದಾಗ ಅಗಲಕ್ಕೆ ಆಡುತ್ತೆ.

ಹಾಗಾದ್ರೆ ಯಾವುದು? 10-46 ಹಾಕಿ ಇ ಫ್ಲ್ಯಾಟ್‌ನಲ್ಲಿ ಇಟ್ರೆ ಹೈ ಇ 6.5 ಕೆಜಿ ಬರುತ್ತೆ. ಅದು ಮಾಮೂಲಿ ಟ್ಯೂನಿಂಗ್‌ನಲ್ಲಿ 9.5ರ ಸೆಟ್ ಹಾಕಿದಷ್ಟೇ. 11 ಹಾಕಿದ್ರೆ 7.9 ಕೆಜಿ, ಮಾಮೂಲಿ ಟ್ಯೂನಿಂಗ್‌ನ 10ಕ್ಕಿಂತ ಸ್ವಲ್ಪ ಜಾಸ್ತೀನೇ. ನಾಲ್ಕು ಗಂಟೆ ಸ್ಟೇಜು, ಅದರಲ್ಲಿ ವೀಣೆ ಬಿಟ್ ಎಳೀಬೇಕು ಅಂದ್ರೆ ನಾನಾಗಿದ್ರೆ 10-46. ಅಂಗಡಿಯೋರು ಹೇಳಿದ ಭಯ ನಿಮಗೆ ಅನ್ವಯಿಸಲ್ಲ, ಅವರು ಮಾಮೂಲಿ ಟ್ಯೂನಿಂಗ್ ಮನಸ್ಸಲ್ಲಿಟ್ಕೊಂಡು ಹೇಳಿರ್ತಾರೆ.

ಬೆಂಡ್ ಬಗ್ಗೆ ಇನ್ನೊಂದು ಮಾತು. ತುಂಬಾ ಜನ ದಪ್ಪ ತಂತಿ ಹಾಕಿದ್ರೆ ಇನ್ನೂ ದೂರ ಎಳೀಬೇಕು ಅಂದ್ಕೋತಾರೆ. ಪ್ಲೇನ್ (ಮೇಲೆ ಸುತ್ತು ಇಲ್ಲದ) ತಂತಿಗಳಲ್ಲಿ ಹಾಗಾಗಲ್ಲ, ಒಂದು ಸ್ವರ ಮೇಲೇರಿಸಕ್ಕೆ ಎಳೆಯೋ ದೂರ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ, ಹಾಕ್ಬೇಕಾದ ಬಲ ಮಾತ್ರ ಜಾಸ್ತಿ. ಹಾಗಾಗಿ ಬೆರಳಿಗೆ ರೂಢಿಯಾಗಿರೋ ಅಳತೆ ಏನೂ ಹಾಳಾಗಲ್ಲ.

ಧಾರವಾಡ_ಮೀಂಡ್

ಮೈಸೂರವ್ರು ಹೇಳಿದ್ದು ಖರೇ ಅದ ರೀ. ನಂದೊಂದು ಅನುಭವ ಹೇಳ್ತೀನಿ, ನಾ ಗಿಟಾರಕ್ಕ ಬರೂಕಿಂತ ಮೊದ್ಲ ಇಲ್ಲೇ ನಾಕು ವರ್ಷ ಸಿತಾರ ಕಲ್ತಾಂವ. ಸಿತಾರದ ಬಾಜ್ ತಾರ (ನುಡಿಸೂ ಮುಖ್ಯ ತಂತಿ) ಸುಮಾರು 0.30 ಮಿಲಿಮೀಟರ್ ಇರ್ತದ, ಅಂದ್ರ ನಿಮ್ಮ ಗಿಟಾರ ಲೆಕ್ಕದಾಗ 12ರ ತಂತಿ. ಅದರ ಮ್ಯಾಲೆ ಒಂದ ಪರ್ದೇದಾಗ (ಸಿತಾರದ ಫ್ರೆಟ್) ನಾಕು ಸ್ವರ ಮೀಂಡ್ (ತಂತಿ ಎಳೆದು ಸ್ವರ ಜಾರಿಸೂದು) ಎಳೀತೀವಿ, ಬೆರಳು ಕಡೀತದ, ಕರೇ ಗೆರಿ ಬೀಳ್ತದ, ಆದ್ರ ಎಳೀಲಿಕ್ಕೆ ಬರ್ತದ. ಅದನ್ನ 12 ಗಿಟಾರಕ್ಕ ಹಾಕಿ ನೋಡ್ರಿ, ಒಂದ ಸ್ವರ ಎಳೀಬೇಕಾದ್ರ ಸಾಕಾಗಿ ಹೋಗ್ತದ.

ಯಾಕಂದ್ರ ಸಿತಾರದಾಗ ಆ ತಾರ ಗಿಟಾರ ಹೈ ಇಗಿಂತ ಹತ್ತಹತ್ರ ಒಂದು ಸಪ್ತಕ ಕೆಳಗ ಕಟ್ಟಿರ್ತೀವಿ. ತಂತಿ ಉದ್ದ ಆದ್ರೂ ಸ್ವರ ಅಷ್ಟು ಕೆಳಗ ಇರೂದ್ರಿಂದ ಬಿಗಿ ಹಿಡಿತದಾಗ ಇರ್ತದ. ಮತ್ತ ಪರ್ದಾ ಅಗಲ, ಎಳೀಲಿಕ್ಕೆ ಜಾಗಾ ಅದ. ನಾ ಗಿಟಾರ ಹಿಡಿದಾಗ ಇದು ತಿಳೀಲಾರದ "ನಾ ಸಿತಾರದಾಂವ, ನನ್ನ ಬೆರಳು ಗಟ್ಟಿ ಅದಾವ" ಅಂತ 12 ಹಾಕಿದ್ದೆ, ಎರಡು ತಿಂಗಳು ಮೀಂಡ್ ಬರಲೇ ಇಲ್ಲ, ನನಗ ಬರೂದಿಲ್ಲ ಅಂತ ಭಾಳ ಬ್ಯಾಸರ ಆಗಿತ್ತು. 9ಕ್ಕ ಇಳಿದ ದಿನ ಗಮಕ ತಾನ ಬಂತು.

ನಿಮ್ಮ ವೀಣೆ ಬಿಟ್ಟಿಗೆ ಒಂದು ಮಾತು ನೆನಪಿಡ್ರಿ. ಎಳೆಯೂದು ಬೆರಳಲೆ ಅಲ್ರೀ, ಮಣಿಕಟ್ಟಲೆ. ಎಳೆಯೋ ಬೆರಳಿನ ಹಿಂದ ಇನ್ನೆರಡು ಬೆರಳು ಅದ ತಂತಿ ಮ್ಯಾಲೆ ಆಸರಿ ಇಡ್ರಿ, ಹೆಬ್ಬೆರಳು ನೆಕ್ ಮ್ಯಾಲಿನ ಅಂಚಿಗೆ ಹಿಡಕೊಳ್ಳಿ, ಕೀಲಿ ತಿರುವಿದಂಗ ಮಣಿಕಟ್ಟು ತಿರುವ್ರಿ. ಮತ್ತ ಎಳೆದ ಸ್ವರ ಖರೇ ಎಲ್ಲಿಗೆ ಮುಟ್ಟಬೇಕೋ ಅದನ್ನ ಮೊದ್ಲ ಮ್ಯಾಲಿನ ಫ್ರೆಟ್ ಒತ್ತಿ ಕಿವಿಗೆ ಕೇಳ್ಸಿರಿ, ಆಮ್ಯಾಲೆ ಎಳೀರಿ. ಹಂಗ ಮಾಡಿದ್ರ 10ರ ಮ್ಯಾಲೂ ಸಲೀಸ ಬರ್ತದ.

ಕಡಲ_ಕರೆ_ಮಂಗಳೂರು

ಬಳ್ಳಾರಿಯವರು ಹೇಳಿದ್ದು ಓದಿ ಇದನ್ನು ಬರೆಯಲೇಬೇಕು ಅಂತ ಕಂಡಿತು. ನಾನೂ ಅದೇ ನಂಬಿಕೆಯಲ್ಲಿ ಒಂಬತ್ತು ವರ್ಷ 11 ಹಾಕಿದವ, ಮಾಮೂಲಿ ಟ್ಯೂನಿಂಗಲ್ಲಿ. ಕೊನೆಕೊನೆಗೆ ಎಡಗೈ ಮೊಣಕೈ ಕೆಳಗೆ ಒಳಬದಿಯಲ್ಲಿ ನೋವು ಶುರುವಾಯ್ತು, ಬೆಳಿಗ್ಗೆ ಎದ್ದು ಚಾ ಗ್ಲಾಸು ಎತ್ತಿದ್ರೆ ಗೊತ್ತಾಗ್ತಿತ್ತು. ಡಾಕ್ಟ್ರು ಎರಡು ತಿಂಗಳು ಗಿಟಾರು ಮುಟ್ಟಬೇಡಿ ಅಂದ್ರು. ಆ ಎರಡು ತಿಂಗಳು ನನಗೆ ಎಷ್ಟು ಕಷ್ಟ ಆಗಿದೆ ಅಂತ ನನಗೇ ಗೊತ್ತು. ವಾಪಸು ಬಂದಾಗ 9.5 ಹಾಕಿದೆ, ಇವತ್ತಿಗೂ ಅದೇ. ರೆಕಾರ್ಡ್ ಮಾಡಿ ಕೇಳಿದ್ರೆ ಹಳೆಯದಕ್ಕೂ ಈಗಿನದ್ದಕ್ಕೂ ಟೋನಲ್ಲಿ ನನಗೆ ಬೇಸರ ಆಗುವಂಥ ವ್ಯತ್ಯಾಸ ಏನೂ ಕಾಣ್ಲಿಲ್ಲ, ಆಂಪಲ್ಲಿ ಬೇಸ್ ಒಂದಿಷ್ಟು ಏರಿಸಿದ್ರೆ ಆಯ್ತು. ಬೆರಳಿನ ತುದಿ ಉರಿಯುದು ಬೇರೆ ಮಾರಾಯ್ರೆ, ಅದು ಒಗ್ಗಿ ಹೋಗ್ತದೆ. ಸ್ನಾಯು ನೋವು ಒಗ್ಗಿ ಹೋಗುವಂಥದ್ದಲ್ಲ, ಅದನ್ನು ಸಹಿಸ್ಕೊಂಡು ನುಡಿಸಲೇಬಾರದು.

ಸ್ಟೀವಿ ರೇ ವಾನ್ 13 ಹಾಕ್ತಿದ್ದದ್ದು ಹೌದು. ಆದ್ರೆ ಅವರ ಬೆರಳಿನ ತುದಿ ಕಿತ್ತು ಹೋಗಿ ಸೂಪರ್ ಗ್ಲೂ ಹಾಕಿ ಅಂಟಿಸಿಕೊಂಡು ನುಡಿಸ್ತಿದ್ರು ಅನ್ನುದೂ ಅಷ್ಟೇ ಹೌದು. ಇನ್ನೊಂದು ಕಡೆ ಝೀಝೀ ಟಾಪ್ ಬ್ಯಾಂಡಿನ ಬಿಲ್ಲಿ ಗಿಬ್ಬನ್ಸ್ ಅವರನ್ನು ನೋಡಿ. ಅವರು ದಪ್ಪ ತಂತಿ ಹಾಕ್ಕೊಂಡಿದ್ದಾಗ ಬ್ಲೂಸ್ ಗಿಟಾರಿಸ್ಟ್ ಬಿ.ಬಿ. ಕಿಂಗ್ ಇವರ ಗಿಟಾರು ಹಿಡಿದು ನೋಡಿ, ಯಾಕೆ ಇಷ್ಟು ಕಷ್ಟಪಡ್ತೀಯ ಅಂತ ಕೇಳಿದ್ರು ಅಂತ ಗಿಬ್ಬನ್ಸೇ ಹೇಳಿದ್ದುಂಟು. ಈಗ ಅವರದ್ದು 7ರ ತಂತಿ. 7! ಅವರ ಗಿಟಾರಿನ ಸದ್ದು ಸಪೂರ ಅಂತ ಯಾರೂ ಹೇಳ್ಲಿಕ್ಕಿಲ್ಲ. ಬ್ಲ್ಯಾಕ್ ಸಬ್ಬತ್‌ನ (ಹೆವಿ ಮೆಟಲ್ ಬ್ಯಾಂಡ್) ಟೋನಿ ಅಯೋಮಿ ಬರ್ಮಿಂಗ್‌ಹ್ಯಾಮಲ್ಲಿ ಶೀಟ್ ಮೆಟಲ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವಾಗ ಎರಡು ಬೆರಳಿನ ತುದಿ ಕಳ್ಕೊಂಡವರು, ಅದಕ್ಕೇ ಸಪೂರ ತಂತಿ ಹಾಕಿ, ಆಮೇಲೆ ಟ್ಯೂನಿಂಗೂ ಇಳಿಸಿ ನುಡಿಸಿದ್ರು. ಹೆವಿ ಮೆಟಲಿನ ಸದ್ದು ಹುಟ್ಟಿದ್ದೇ ಅಂಥ ಕೈಯಲ್ಲಿ. ಹಾಗಾಗಿ ದಪ್ಪ ತಂತಿ ಇಲ್ಲದೆ ಟೋನಿಲ್ಲ ಅನ್ನುದನ್ನು ನಾನು ಒಪ್ಪುದಿಲ್ಲ.

ಇದೆಲ್ಲ ಸೆಟ್ಟಾಗಿ ಅಂಗಡಿಯಲ್ಲಿ ಸಿಗ್ಲಿಕ್ಕೆ ಶುರುವಾದದ್ದೂ ಒಂದು ಕತೆ. ಮೊದಲೆಲ್ಲ ಎಲೆಕ್ಟ್ರಿಕ್ ಗಿಟಾರಿನ ಸೆಟ್ಟಲ್ಲಿ ಜಿ ತಂತಿಯೂ ಸುತ್ತಿದ ತಂತಿ, ಮುಟ್ಟಿದ್ರೆ ಕಬ್ಬಿಣದ ಸರಳು. ರಾಕ್ ನುಡಿಸುವ ಹುಡುಗರು ಬ್ಯಾಂಜೋ ತಂತಿ ತಂದು ಹೈ ಇ ಜಾಗಕ್ಕೆ ಹಾಕಿ, ಉಳಿದದ್ದನ್ನೆಲ್ಲ ಒಂದೊಂದು ಮನೆ ಕೆಳಗೆ ಸರಿಸ್ತಿದ್ರು. 1960ರ ದಶಕದ ಶುರುವಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗಿಟಾರು ಅಂಗಡಿ ಇಟ್ಟಿದ್ದ ಎರ್ನಿ ಬಾಲ್ ಇದನ್ನು ಗಮನಿಸಿ ಸಪೂರ ಸೆಟ್ಟು ಮಾಡಿಸಿ ಮಾರಿದ್ರು, ಅದೇ ಸ್ಲಿಂಕಿ. ಈಗ ಹಸಿರು ಪ್ಯಾಕೆಟ್ಟು 10-46, ಪಿಂಕ್ ಪ್ಯಾಕೆಟ್ಟು 9-42 ಅಂತ ಎಲ್ಲರೂ ಬಣ್ಣ ಹೇಳಿಯೇ ಕೇಳ್ತಾರೆ. ಡಿ'ಅಡಾರಿಯೊದಲ್ಲೂ ಅದೇ ಅಳತೆ ಸಿಗ್ತದೆ, ಯಾವುದಾದ್ರೂ ಆಗ್ತದೆ.

ಮತ್ತೆ ನಮ್ಮ ಕರಾವಳಿ ಗಾಳಿಯಲ್ಲಿ ತಂತಿ ಎರಡು ವಾರಕ್ಕೆ ತುಕ್ಕು. ಹಾಸನದಲ್ಲಿ ಅಷ್ಟಿಲ್ಲದಿದ್ರೂ ಸ್ಟೇಜ್ ಬೆವರು ಉಂಟಲ್ಲ. ನುಡಿಸಿ ಆದ ಮೇಲೆ ಹಳೆ ಪಂಚೆ ತುಂಡಲ್ಲಿ ತಂತಿಯ ಮೇಲೂ ಅಡಿಯಲ್ಲೂ ಒರಸಿ ಇಡಿ. ಅಡಿಯಲ್ಲಿ ಒರಸುವವರೇ ಕಮ್ಮಿ, ತುಕ್ಕು ಹಿಡಿಯುದು ಅಲ್ಲೇ.

ಬ್ಲೂಸ್_ಬಳ್ಳಾರಿ

ಮಂಗಳೂರು ಸರ್, ಕೈ ನೋವಿನ ವಿಷಯ ಗೊತ್ತಿರ್ಲಿಲ್ಲ, ನಂಗೆ ಇಪ್ಪತ್ತೆರಡು ವರ್ಷ, ಇನ್ನೂ ಏನೂ ಆಗಿಲ್ಲ. ಆದ್ರೂ ಜೋರಾಗಿ ಹೊಡೆಯೋರಿಗೆ 11 ಕೈಗೆ ಎದುರು ನಿಲ್ಲುತ್ತೆ, 9ರಲ್ಲಿ ಅದು ಸಿಗಲ್ಲ, ಈ ಮಾತಿಗೆ ನಾನು ಈಗಲೂ ಬದ್ಧ. ಹಾಸನದ ಅಣ್ಣ ನಾಲ್ಕು ಗಂಟೆ ನುಡಿಸ್ತಾರೆ ಅನ್ನೋದನ್ನ ನಾನು ಗಮನಿಸಿರ್ಲಿಲ್ಲ, ನಾನು ಒಂದು ಸೆಟ್ ಅಂದ್ರೆ ನಲವತ್ತು ನಿಮಿಷ ಅಷ್ಟೇ. 10 ಸರಿ ಅನ್ಸುತ್ತೆ.

ಹಾಸನ_ಲೀಡ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೈಸೂರು ಸರ್ ಹೇಳಿದ ಟ್ಯೂನರ್ ಪರೀಕ್ಷೆ ನಿನ್ನೆ ರಾತ್ರಿ ಮಾಡಿದೆ, ಮೂರನೇ ಫ್ರೆಟ್ಟಲ್ಲಿ ಮೆಲ್ಲಗೆ ಒತ್ತಿದ್ರೆ ಮುಳ್ಳು ಮಧ್ಯದಲ್ಲಿ, ನನ್ನ ಮಾಮೂಲಿ ಒತ್ತಿಗೆ ಕೆಂಪು ಗೆರೆ ತನಕ ಹೋಯ್ತು. ಒಂದು ವರ್ಷದಿಂದ ಗಿಟಾರ್‌ನ ಬೈತಿದ್ದೆ, ಅದರ ತಪ್ಪೇ ಇರ್ಲಿಲ್ಲ.

10-46 ತಗೋತೀನಿ. ಆದ್ರೆ ಎರಡು ಅನುಮಾನ. ಕೆಳಗಿನ ತಂತಿಗಳು ಇನ್ನೂ ದಪ್ಪ ಇರೋ 10-52 ಅಂತ ಒಂದು ಪ್ಯಾಕೆಟ್ ಇದೆಯಲ್ಲ, ಸ್ಟ್ರಮ್ ಜಾಸ್ತಿ ಇರೋದ್ರಿಂದ ಅದು ತಗೊಳ್ಳಾ? ಮತ್ತೆ ಸುಮ್ನೆ 9 ಬಿಚ್ಚಿ 10 ಹಾಕಿದ್ರೆ ಸಾಕಾ, ಹಿಂದೆ ಸ್ಪ್ರಿಂಗ್ ಎಲ್ಲ ಇದೆಯಲ್ಲ, ಅದನ್ನೇನಾದ್ರೂ ಮಾಡ್ಬೇಕಾ? ಟ್ರೆಮೊಲೊ ರಾಡ್ (ಬ್ರಿಡ್ಜ್ ಅಲ್ಲಾಡಿಸಿ ಸ್ವರ ಏರಿಳಿಸೋ ಹಿಡಿ) ನಾನು ಯಾವತ್ತೂ ಬಳಸಲ್ಲ, ಅದು ಮನೆಯಲ್ಲೇ ಇದೆ.

ರಿಪೇರಿ_ಬೆಂಚು

10-52 ಈಗ ಬೇಡ. ಅದು ಲೋ ಇ ಒಂದನ್ನೇ ಡಿಗೆ ಇಳಿಸಿ ಪವರ್ ಕಾರ್ಡ್ ಹೊಡೆಯೋರಿಗೆ ಚೆನ್ನಾಗಿರುತ್ತೆ. ಇ ಫ್ಲ್ಯಾಟ್‌ಗೆ 46 ಸಾಕು. ಅದೂ ಸಾಲ್ಲಿಲ್ಲ ಅಂದ್ರೆ ಮುಂದಿನ ಸಲ ನೋಡ್ಕೊಳ್ಳಿ, ಒಂದೇ ಸಲ ಎರಡು ಬದಲಾವಣೆ ಮಾಡಿದ್ರೆ ಯಾವುದರಿಂದ ಏನಾಯ್ತು ಅಂತ ಗೊತ್ತಾಗಲ್ಲ.

ರಾಡ್ ಬಳಸಲ್ಲ ಅಂದ್ರಲ್ಲ, ತುಂಬಾ ಒಳ್ಳೇದಾಯ್ತು, ನಿಮ್ಮ ದೊಡ್ಡ ತಲೆನೋವು ಅಲ್ಲೇ ತೀರುತ್ತೆ. ಸ್ಟ್ರ್ಯಾಟ್ ಬ್ರಿಡ್ಜ್ ತೇಲ್ತಾ ಇರುತ್ತೆ, ಮುಂದಿಂದ ತಂತಿಗಳು ಎಳೀತಾವೆ, ಹಿಂದಿಂದ ಸ್ಪ್ರಿಂಗ್‌ಗಳು ಎಳೀತಾವೆ, ಎರಡೂ ಸಮ ಆದ ಕಡೆ ನಿಲ್ಲುತ್ತೆ. ಒಂದು ತಂತಿ ಕಿತ್ತ ಕೂಡ್ಲೇ ಮುಂದಿನ ಎಳೆತ ಕಮ್ಮಿ ಆಗಿ ಸ್ಪ್ರಿಂಗ್ ಗೆಲ್ಲುತ್ತೆ, ಬ್ರಿಡ್ಜ್ ಹಿಂದಕ್ಕೆ ವಾಲುತ್ತೆ, ಉಳಿದ ಐದೂ ತಂತಿಯ ಸ್ವರ ಮೇಲೇರುತ್ತೆ. ನೀವು ಸ್ಟೇಜ್ ಮೇಲೆ ನೋಡಿದ್ದು ಅದನ್ನೇ. ಬೆಂಡ್ ಮಾಡುವಾಗಲೂ ಅಷ್ಟೇ, ಬ್ರಿಡ್ಜ್ ಸ್ವಲ್ಪ ಮುಂದಕ್ಕೆ ಬಂದು ಕೊಡೋದ್ರಿಂದ ನೀವು ಇನ್ನೂ ದೂರ ಎಳೀಬೇಕಾಗುತ್ತೆ.

9ರ ಸೆಟ್‌ನ ಆರೂ ತಂತಿ ಸೇರಿ ಮಾಮೂಲಿ ಟ್ಯೂನಿಂಗ್‌ನಲ್ಲಿ 38 ಕೆಜಿ ಆಸುಪಾಸು ಎಳೀತಾವೆ, 10ರ ಸೆಟ್ 47ರ ಹತ್ರ. ಇ ಫ್ಲ್ಯಾಟ್‌ನಲ್ಲಿ ಎರಡೂ ಕಮ್ಮಿ ಆಗುತ್ತೆ, ಆದ್ರೂ ಏಳೆಂಟು ಕೆಜಿ ಹೊಸ ಹೊರೆ ಬಂದೇ ಬರುತ್ತೆ. ಏನೂ ಮಾಡದೆ ಹಾಕಿದ್ರೆ ಬ್ರಿಡ್ಜ್ ಮುಂದಕ್ಕೆ ಏಳುತ್ತೆ, ತಂತಿ ಎತ್ತರ ಆಗುತ್ತೆ, 10 ಗಟ್ಟಿ ಅಂತ ಬೇಜಾರಾಗಿ ವಾಪಸ್ ಹೋಗ್ತೀರಿ. ನನ್ನ ಹತ್ರ ಬರೋ ಗಿಟಾರ್‌ಗಳಲ್ಲಿ ಇದು ತುಂಬಾ ಮಾಮೂಲಿ, ಗೇಜ್ ಮೇಲೆ ತಪ್ಪು ಹೊರಿಸಿರ್ತಾರೆ, ಸೆಟಪ್ ಮುಟ್ಟಿರಲ್ಲ.

ನೀವು ಬ್ರಿಡ್ಜನ್ನ ಬಾಡಿಗೆ ಪೂರ್ತಿ ಕೂರಿಸಿಬಿಡಿ. ಹಿಂದಿನ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿ, ಸ್ಪ್ರಿಂಗ್‌ಗಳು ಸಿಕ್ಕಿಸಿರೋ ಕೊಕ್ಕೆ ತಗಡು ಕಾಣುತ್ತೆ, ಅದಕ್ಕೆ ಎರಡು ಉದ್ದ ಸ್ಕ್ರೂ. ಮೂರು ಸ್ಪ್ರಿಂಗ್ ಇದ್ರೆ ನಾಲ್ಕನೇದು ಹಾಕಿ. ಹೊಸ ತಂತಿ ಹಾಕಿ ಇ ಫ್ಲ್ಯಾಟ್‌ಗೆ ಟ್ಯೂನ್ ಮಾಡಿ, ಸ್ಕ್ರೂ ಎರಡನ್ನೂ ಅರ್ಧರ್ಧ ಸುತ್ತು ಬಿಗಿ ಮಾಡ್ತಾ, ಪ್ರತಿ ಸಲ ಮತ್ತೆ ಟ್ಯೂನ್ ಮಾಡ್ತಾ ಹೋಗಿ, ಬ್ರಿಡ್ಜ್ ತಗಡಿನ ಹಿಂಭಾಗ ಬಾಡಿಗೆ ಅಂಟೋವರೆಗೆ. ಅಂಟಿದ ಮೇಲೆ ಜಿ ತಂತಿಯನ್ನ ಒಂದು ಸ್ವರ ಬೆಂಡ್ ಮಾಡಿ, ತಗಡು ಎದ್ರೆ ಇನ್ನರ್ಧ ಸುತ್ತು. ಅಷ್ಟಾದ್ರೆ ಇನ್ನು ಯಾವ ತಂತಿ ಕಿತ್ರೂ ಉಳಿದವು ಶ್ರುತಿಯಲ್ಲೇ ಇರುತ್ತೆ, ಹಾಡು ಮುಗಿಸಬಹುದು. ತಂತಿ ಬದಲಾಯಿಸುವಾಗ ಆರನ್ನೂ ಒಟ್ಟಿಗೆ ಬಿಚ್ಚಬೇಡಿ, ಒಂದು ಬಿಚ್ಚಿ ಒಂದು ಹಾಕಿ.

ಆಮೇಲೆ ನೆಕ್. ಹೊಸ ಹೊರೆಗೆ ನೆಕ್ ಸ್ವಲ್ಪ ಮುಂದಕ್ಕೆ ಬಗ್ಗುತ್ತೆ, ಅದನ್ನ ಒಂದು ರಾತ್ರಿ ಹಾಗೇ ಬಿಡಿ, ಬೆಳಿಗ್ಗೆ ನೋಡಿ. ಅಳೆಯಕ್ಕೆ ಉಪಕರಣ ಏನೂ ಬೇಡ. ಹೊಸ ಹೈ ಇ ಹಾಕಿ ಉಳಿದ ತುದಿ ಕತ್ತರಿಸ್ತೀರಲ್ಲ, ಆ ತುಂಡು ಬಿಸಾಡಬೇಡಿ. ಅದರ ದಪ್ಪ ಕಾಲು ಮಿಲಿಮೀಟರ್, ನೆಕ್‌ನಲ್ಲಿ ಇರಬೇಕಾದ ಬಾಗುವಿಕೆನೂ ಹೆಚ್ಚುಕಮ್ಮಿ ಅಷ್ಟೇ. ಒಂದನೇ ಫ್ರೆಟ್‌ಗೆ ಕೇಪೊ (ತಂತಿಗಳನ್ನ ಒತ್ತಿ ಹಿಡಿಯೋ ಕ್ಲಿಪ್) ಹಾಕಿ, ಲೋ ಇ ತಂತಿಯನ್ನ ಕೊನೇ ಫ್ರೆಟ್‌ನಲ್ಲಿ ಒತ್ತಿ ಹಿಡ್ಕೊಳ್ಳಿ, ಎಂಟನೇ ಫ್ರೆಟ್ ಮೇಲೆ ತಂತಿಗೂ ಫ್ರೆಟ್‌ಗೂ ಮಧ್ಯೆ ಆ ತುಂಡನ್ನ ತೂರಿಸಿ. ತಂತಿಯನ್ನ ಎತ್ತದೆ, ಸಡಿಲಾಗೂ ಓಡಾಡದೆ, ಸವರಿಕೊಂಡು ಹೋದ್ರೆ ಸರಿ ಇದೆ. ಸಂದು ಜಾಸ್ತಿ ಇದ್ರೆ ಟ್ರಸ್ ರಾಡ್ (ನೆಕ್ ಒಳಗೆ ಬಾಗು ಸರಿಮಾಡೋ ಸರಳು) ಗಡಿಯಾರದ ಮುಳ್ಳಿನ ದಿಕ್ಕಿಗೆ ಕಾಲು ಸುತ್ತು, ಅಷ್ಟೇ, ಮತ್ತೆ ಟ್ಯೂನ್ ಮಾಡಿ ಅಳೀರಿ. ಕೀಲಿ ಗಟ್ಟಿಯಾಗಿ ತಡೀತಿದೆ ಅನ್ಸಿದ್ರೆ ಬಲ ಹಾಕ್ಬೇಡಿ, ಯಾರಾದ್ರೂ ಗೊತ್ತಿರೋರ ಹತ್ರ ತಗೊಂಡು ಹೋಗಿ, ರಾಡ್ ಮುರಿದ್ರೆ ನೆಕ್ಕೇ ಹೋಯ್ತು.

ಎಲ್ಲಾ ಆದ ಮೇಲೆ 12ನೇ ಫ್ರೆಟ್ ಹಾರ್ಮೋನಿಕ್ಸ್ (ಒತ್ತದೆ ಬೆರಳು ಬರೀ ತಾಗಿಸಿ ನುಡಿಸಿದ ಸ್ವರ) ಮತ್ತೆ ಅದೇ ಫ್ರೆಟ್ ಒತ್ತಿದ ಸ್ವರ ಎರಡನ್ನೂ ಟ್ಯೂನರ್‌ನಲ್ಲಿ ಹೋಲಿಸಿ. ಒತ್ತಿದ ಸ್ವರ ಮೇಲಿದ್ರೆ ಸ್ಯಾಡಲ್ ಹಿಂದಕ್ಕೆ ಸರಿಸಿ, ಕೆಳಗಿದ್ರೆ ಮುಂದಕ್ಕೆ. ಒತ್ತುವಾಗ ಮೆಲ್ಲಗೆ ಒತ್ತಿ, ನಿಮ್ಮ ಕೈ ವಿಷಯ ಈಗ ನಿಮಗೇ ಗೊತ್ತಲ್ಲ.

ಹಾಸನ_ಲೀಡ್

ಹದಿನೈದು ದಿನ ಆಯ್ತು, ಹೇಗಾಯ್ತು ಅಂತ ಬರೀಬೇಕು ಅನ್ನಿಸ್ತು.

ಮೊದಲು ಹತ್ತಿ. ಹೈ ಇ ಸ್ಯಾಡಲ್ ಮೇಲೆ ಎಳೆದೆ, ನಿಜವಾಗ್ಲೂ ಎಳೆ ಸಿಕ್ಕಾಕೊಂಡು ಅಲ್ಲೇ ನಿಲ್ತು. ಮೊಬೈಲ್ ಟಾರ್ಚ್ ಹಿಡಿದು ನೋಡಿದ್ರೂ ಕಣ್ಣಿಗೆ ಏನೂ ಕಾಣಲ್ಲ. ಎಮರಿ ಹಾಕಿ ಉಜ್ಜಿದ ಮೇಲೆ ಹತ್ತಿ ಸಲೀಸಾಗಿ ಜಾರ್ತು. ಆರೂ ಸ್ಯಾಡಲ್‌ಗೂ ಮಾಡಿಬಿಟ್ಟೆ.

10-46 ಹಾಕಿ, ನಾಲ್ಕನೇ ಸ್ಪ್ರಿಂಗ್ ಹಾಕಿ ಬ್ರಿಡ್ಜ್ ಕೂರಿಸೋಷ್ಟರಲ್ಲಿ ರಾತ್ರಿ ಒಂದು ಗಂಟೆ. ಟ್ಯೂನ್ ಮಾಡೋದು, ಬಿಗಿ ಮಾಡೋದು, ಮತ್ತೆ ಟ್ಯೂನ್ ಮಾಡೋದು, ಏಳೆಂಟು ಸಲ ಆಯ್ತು. ಬೆಳಿಗ್ಗೆ ಎದ್ದು ಆ ತುಂಡು ತಂತಿ ಎಂಟನೇ ಫ್ರೆಟ್‌ನಲ್ಲಿ ತೂರಿಸಿದ್ರೆ ಸಡಿಲಾಗಿ ಓಡಾಡ್ತಿತ್ತು, ಟ್ರಸ್ ರಾಡ್ ಕಾಲು ಸುತ್ತಿಗೆ ಸರಿಹೋಯ್ತು. ನಮ್ಮಮ್ಮ ಪಕ್ಕದಲ್ಲೇ ಕಾಫಿ ಹಿಡ್ಕೊಂಡು ನಿಂತು, ಇಷ್ಟು ಸಣ್ಣ ತಂತಿಗೆ ಏನು ಅಳತೆನೋ ಅಂತ ನೋಡ್ತಿದ್ರು.

ಇದಾದ ಮೇಲೆ ಮೂರು ಪ್ರೋಗ್ರಾಂ ಆಯ್ತು, ಒಂದೂ ತಂತಿ ಕಿತ್ತಿಲ್ಲ. ಲೋ ಇ ಈಗ ಕೈಗೆ ಎದುರು ನಿಲ್ಲುತ್ತೆ. ಕಾರ್ಡ್ ಹಿಡಿದಾಗ ಕೀಬೋರ್ಡ್‌ನೋರು ತಿರುಗಿ ನೋಡಿಲ್ಲ, ಮೂರನೇ ಪ್ರೋಗ್ರಾಂ ಮುಗಿದಾಗ ಅವರೇ ಬಂದು ಗಿಟಾರ್ ಹೊಸದಾ ಅಂತ ಕೇಳಿದ್ರು. ಧಾರವಾಡದ ಸರ್ ಹೇಳಿದ ಹಾಗೆ ಹಿಂದೆ ಎರಡು ಬೆರಳು ಆಸರೆ ಇಟ್ಟು ಮಣಿಕಟ್ಟು ತಿರುಗಿಸಿ ಎಳೀತಿದ್ದೀನಿ. ಮೊದಲೆರಡು ದಿನ ಸ್ವರ ಮುಟ್ಟದೆ ಕೆಳಗೇ ನಿಲ್ತಿತ್ತು, ಈಗ ವೀಣೆ ಬಿಟ್ ನಾನು ಅಂದ್ಕೊಂಡ ಜಾಗಕ್ಕೇ ಹೋಗುತ್ತೆ. ಮಂಗಳೂರು ಸರ್, ಮುಂಗೈಯಲ್ಲಿ ನೋವು ಏನೂ ಇಲ್ಲ, ನೋಡ್ಕೋತಾ ಇದ್ದೀನಿ.

ಒಂದೇ ಒಂದು ಉಳಿದಿದೆ. ಜಿ ತಂತಿ ಟ್ಯೂನ್ ಮಾಡುವಾಗ ಮೇಲೆ ನಟ್ ಹತ್ರ "ಟಿಂಗ್" ಅಂತ ಸದ್ದು ಬಂದು ಒಂದೇ ಸಲ ಸ್ವರ ಹಾರಿಬಿಡುತ್ತೆ. ಬೆಂಡ್ ಮಾಡಿ ಬಿಟ್ಟಾಗಲೂ ಒಂದೊಂದ್ಸಲ ಸ್ವಲ್ಪ ಏರೇ ನಿಲ್ಲುತ್ತೆ.

ರಿಪೇರಿ_ಬೆಂಚು

ನಟ್‌ನ ಕಚ್ಚು (ತಂತಿ ಕೂರೋ ಸಂದು) 16ರ ತಂತಿಗೆ ಕೊರೆದಿರೋದು, ಈಗ ಅಲ್ಲಿ 17 ಕೂತಿದೆ, ಹಿಡ್ಕೋತಾ ಇದೆ. ತಂತಿ ಸಡಿಲ ಮಾಡಿ ಪಕ್ಕಕ್ಕೆ ಎತ್ತಿಟ್ಟು, ಮೆತ್ತನೆ ಪೆನ್ಸಿಲ್‌ನ ಚೂಪಾಗಿ ಹೆರೆದು ಆ ಕಚ್ಚಿನೊಳಗೆ ಕಪ್ಪಾಗೋವರೆಗೆ ತಿಕ್ಕಿ, ಮತ್ತೆ ತಂತಿ ಕೂರಿಸಿ. ತುಂಬಾ ಸಲ ಅಷ್ಟಕ್ಕೇ ಹೋಗುತ್ತೆ. ಒಂದು ವಾರ ಆದ್ರೂ ಟಿಂಗ್ ಅಂತಿದ್ರೆ ಕಚ್ಚು ಅಗಲ ಮಾಡಿಸ್ಬೇಕು, ಅದನ್ನ ಮಾತ್ರ ನೀವೇ ಮಾಡಕ್ಕೆ ಹೋಗ್ಬೇಡಿ, ಆಳ ಜಾಸ್ತಿ ಆದ್ರೆ ಓಪನ್ ಜಿ ಜುಂಯ್ ಅನ್ನುತ್ತೆ. ನಟ್ ಫೈಲ್ ಇರೋ ಕೆಲಸಗಾರರು ಹತ್ತು ನಿಮಿಷದಲ್ಲಿ ಮಾಡಿಕೊಡ್ತಾರೆ.

ಹಾಸನ_ಲೀಡ್

ಪೆನ್ಸಿಲ್ ಹಾಕಿದೆ, ಟಿಂಗ್ ಹೋಯ್ತು. ನಾಳೆ ಅರಸೀಕೆರೆ ಕಡೆ ಪ್ರೋಗ್ರಾಂ, ಪೆನ್ಸಿಲ್ಲೂ ಆ ತಂತಿ ತುಂಡೂ ಗಿಟಾರ್ ಬ್ಯಾಗಿನ ಜೇಬಿಗೆ ಹಾಕ್ಕೊಂಡಿದ್ದೀನಿ.